ಬುಡಕ್ಕೆ ಹೊಡೆಯದ ಮುದ್ರೆ

ಸರ್ಕಾರಿ ಅಡವಿಯ ಮರವನ್ನು ಲಿಲಾವಿನಲ್ಲಿ ಕೂಗಿ ಮಾರಿದ ಮೇಲೆ ಇಲಾಖೆಯ ಸುತ್ತಿಗೆಯಿಂದ ಎರಡು ಕಡೆ ಮುದ್ರೆ ಹೊಡೆಯಬೇಕಿತ್ತು: ಕಡಿದ ದಿಮ್ಮಿಗೊಂದು, ನೆಲದಲ್ಲಿ ಉಳಿದ ಬುಡಕ್ಕೊಂದು. ಎಪ್ಪತ್ತರ ದಶಕದ ಕೊನೆಗೆ ಡೋಣಿ ಊರಿನ ಅಡವಿಗೆ ಗಾರ್ಡ್ ಆಗಿದ್ದ ನಾನೇ ಆ ಕಾಯ್ದೆ ಮುರಿದೆ. ರೇಂಜರ್ ಸಾಹೇಬರು ತಮ್ಮ ಮನೆಯ ಬಾಗಿಲಿಗೆಂದು ಲಿಲಾವಿಲ್ಲದೆ ಕಡಿಸಿದ ದಿಮ್ಮಿಗೆ, ಅವರು ಹೇಳಿದರೆಂದು ಮುದ್ರೆ ಹೊಡೆದೆ. ಬುಡಕ್ಕೂ ಹೊಡೆದರೆ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೇವೆಂದು ಅದಕ್ಕೆ ಮಣ್ಣು ಮುಚ್ಚಿದೆ.

ದಿಮ್ಮಿ ಹೇರಿಕೊಂಡು ಹೊರಟ ಬಂಡಿಯವನನ್ನು ಮುಂಡರಗಿ ನಾಕಾದಲ್ಲಿ ತಡೆದು, ಲಿಲಾವಿನ ರಸೀದಿ ಇಲ್ಲವೆಂದು ಹಿಡಿದರು. ಹುಡುಕಿದಾಗ ಬುಡ ಸಿಕ್ಕಿತು, ಅದರ ಮೇಲೆ ಮುದ್ರೆ ಇರಲಿಲ್ಲ. ಹಾಗಾದರೆ ದಿಮ್ಮಿಯ ಮೇಲಿನದು ಇವನೇ ಹೊಡೆದ ಖೊಟ್ಟಿ ಮುದ್ರೆ ಎಂದು ಎತ್ತು, ಬಂಡಿ ಜಪ್ತಿ ಮಾಡಿದರು. ರೇಂಜರ್ ಸಾಹೇಬರು ತಮಗೇನೂ ಗೊತ್ತಿಲ್ಲವೆಂದರು. ನಾನೂ ಬಾಯಿ ಬಿಡಲಿಲ್ಲ.

ನಾಲ್ಕನೆಯ ದಿನ ಗದಗಿನಿಂದ ಮೇಲಧಿಕಾರಿ ರೇಂಜರ್ ಕಚೇರಿಗೆ ವಿಚಾರಣೆಗೆ ಬಂದರು. ಬಂಡಿಯವನು ಅಂಜಲಿಲ್ಲ.

"ಅಡವಿ ನಿಮ್ಮದು, ಸುತ್ತಿಗಿ ನಿಮ್ಮದು, ಕಳ್ಳ ಅಷ್ಟ ನಾನೇನ್ರಿ?" ಎಂದ.

ಎಲ್ಲರೂ ನಕ್ಕರು. ನಾನು ಸುತ್ತಿಗೆ ಎತ್ತಿ ರೇಂಜರ್ ಸಾಹೇಬರ ಮೇಜಿಗೇ ಬಾರಿಸಿದೆ. ಮುದ್ರೆ ಅಚ್ಚೊತ್ತಿ ನಿಂತಿತು.

"ದಿಮ್ಮಿ ಮ್ಯಾಲಿಂದು ಇದಕ್ಕ ತಾಳೆ ಹಾಕ್ರಿ. ಹೊಡದಾಂವ ನಾನು. ಹೊಡಿ ಅಂದಾವ್ರು ಇವ್ರು."

ನೌಕರಿ ಹೋಯಿತು. ಅದಕ್ಕಾಗಿ ನಾನು ಯಾರ ಮುಂದೂ ತಲೆ ತಗ್ಗಿಸಲಿಲ್ಲ, ತಗ್ಗಿಸುವುದೂ ಇಲ್ಲ. ತಗ್ಗಿಸಿದ್ದು ಆ ಬಂಡಿಯವನೊಬ್ಬನ ಮುಂದೆ. ಎತ್ತು ಬಿಡಿಸಿಕೊಂಡು, ಅವುಗಳ ಬತ್ತಿದ ಹೊಟ್ಟೆ ಸವರುತ್ತ ಅವನು ಕೇಳಿದ:

"ಖರೆ ಹೇಳಿದಿ, ಆತು. ಮೂರು ದಿನಾ ಎಲ್ಲಿದ್ದೆಪಾ?"