ನೆಂಟರ ಕುದುರೆ

ಕುದುರೆ ವಾಂತಿ ಮಾಡಲಾರದು. ಈ ಸಂಗತಿಯನ್ನು ನನಗೆ ತಿಳಿಸಿದವರು ಕುಣಿಗಲ್ಲಿನ ಮನ್ಸೂರ್ ಅಲಿ, ಅದೂ ನಾನು ಎರಡನೇ ತಟ್ಟೆ ಇಡ್ಲಿಗೆ ಕೈ ಹಾಕಿದಾಗ.

"ಹೆಚ್ಚು ತಿಂದ್ರೆ ನಮಗೆ ಹೊರಗೆ ಹಾಕೋಕೆ ಎರಡು ದಾರಿ ಅದೆ ಮೇಡಂ. ಕುದುರೆಗೆ ಒಂದೇ. ಅದು ಮುಚ್ಕೊಂಡ್ರೆ ಮುಗೀತು."

ಇಡ್ಲಿಯನ್ನು ಅಲ್ಲಿಗೇ ಬಿಟ್ಟೆ.

ಮನ್ಸೂರ್ ಅಲಿ ಹುಟ್ಟಿದ್ದು ಕುಣಿಗಲ್ಲಿನ ರೇಸ್ ಕುದುರೆ ಫಾರಂನಲ್ಲಿ, ಲಾಯದ ಹಿಂದಿನ ಲೈನ್ ಮನೆಯಲ್ಲಿ. ಅಪ್ಪ ಕುದುರೆ ನೋಡಿಕೊಳ್ಳುವ ಸೈಸ್, ಮಗನೂ ಸೈಸ್. ಮೂವತ್ನಾಲ್ಕು ವರ್ಷ ಹೆಣ್ಣುಕುದುರೆಗಳ ಬಾಣಂತನ ಮಾಡಿದ ಕೈ ಅವರದು. ಆ ಮರಿಗಳು ಬೆಂಗಳೂರು, ಮುಂಬೈಗಳಲ್ಲಿ ಓಡಿ ಗೆದ್ದಿದ್ದವು. ಒಂದು ರೇಸನ್ನೂ ನೋಡಿಲ್ಲವೇ ಎಂದು ಕೇಳಿದರೆ, "ಸೂಲಗಿತ್ತಿ ಮಗೂನ ಇಸ್ಕೂಲಿಗೂ ಬಿಟ್ಟು ಬರ್ತಾಳಾ?" ಎಂದರು. ಅವರಿಗೆ ಸ್ವಂತ ಎಂದಿದ್ದದ್ದು ನೂರಿ ಒಂದೇ. ಅವರೇ ಹೆರಿಗೆ ಮಾಡಿಸಿದ್ದ ಮರಿ. ಮರಿ ಹಾಕುವ ವಯಸ್ಸು ದಾಟಿದ ಮೇಲೆ ಅವರ ಹಿತ್ತಿಲಿಗೆ ಬಂದು, ಈಗ ಹದಿನೆಂಟರ ಮುದುಕಿ. ಹೆಂಡತಿ ಖುರ್ಷಿದಾ ಬೇಗಂ ಅದನ್ನು "ನಮ್ಮ ಅತ್ತೆ" ಎಂದೇ ಕರೆಯುವುದು.

ಮನ್ಸೂರ್ ಅಲಿ, ನೂರಿ ಇಬ್ಬರನ್ನೂ ನಿವೃತ್ತಿಯಿಂದ ಎಬ್ಬಿಸಿದವರು ಶಿರಾ ಗೇಟಿನ ಟೈಲ್ಸ್ ಅಂಗಡಿಯ ಕೃಷ್ಣಕುಮಾರ್. ಅವರು ಇಂಗ್ಲೆಂಡಿಗೆ ಹೋಗಿದ್ದಾಗ ನಾಲ್ಕು ದಿನ ಹಳ್ಳಿಗಾಡಿನಲ್ಲಿ ಕುದುರೆ ಸವಾರಿ ಮಾಡಿ, ದಿನಕ್ಕೊಂದು ಊರಿನ ಛತ್ರದಲ್ಲಿ ಮಲಗಿ ಬಂದಿದ್ದರು. ಬಂದವರೇ ಅದನ್ನು ಇಲ್ಲೂ ಶುರು ಮಾಡಿದರು: ಕುಣಿಗಲ್ ಸುತ್ತ ಮೂರು ದಿನ, ಐದು ಕುದುರೆ, ಛತ್ರದ ಬದಲು ರೈತರ ಮನೆ. ಅಲ್ಲಿ ಮಂಜು ಸುರಿಯುತ್ತದಂತೆ. ನಮಗೆ ಮಂಜಿನ ಬದಲು ಮಂಜುನಾಥ, ಲಗೇಜ್ ಆಟೋದ ಡ್ರೈವರ್. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟದ್ದನ್ನು ಜನ ಕೇಳಿದ್ದಾರೆ. ಕುದುರೆಯ ಮೇಲೆ ಗುಬ್ಬಿಯನ್ನು ಕಂಡದ್ದು, ಆ ಸವಾರಿಗೆ ಸೇರಿದ ಗುಬ್ಬಿಗಾತ್ರದ ನಾನು ನೂರಿಯನ್ನು ಹತ್ತಿದ ದಿನ.

ಪ್ರತಿ ಬೆಳಿಗ್ಗೆ ಮನ್ಸೂರ್ ಅಲಿ ಕುದುರೆಯ ಎರಡೂ ಪಕ್ಕೆಗೆ ಕಿವಿಯಿಟ್ಟು ಕಣ್ಣು ಮುಚ್ಚುತ್ತಿದ್ದರು. ನನಗೂ ಕೇಳಿಸಿದರು. ಒಳಗೆ ದೂರದ ಗುಡುಗಿನಂತೆ ಗುಡುಗುಡು. "ಹೊಟ್ಟೆ ಮಾತಾಡ್ತಾ ಇರಬೇಕು. ಸುಮ್ಮನಾದ್ರೆ ಭಯ." ತಾನಲ್ಲದೆ ಬೇರೆ ಯಾರೂ ಕುದುರೆಗೆ ಒಂದು ಹುಲ್ಲುಕಡ್ಡಿಯನ್ನೂ ಕೊಡಕೂಡದು ಎಂಬುದು ಅವರ ಕಾನೂನು.

ಎರಡನೇ ದಿನ ಶುಕ್ರವಾರ. ಹುತ್ರಿದುರ್ಗದಲ್ಲಿ ದೊಡ್ಡಗಂಗಮ್ಮನವರ ಮನೆಯಲ್ಲಿ ಇಳಿದೆವು. ನಾಲ್ಕು ಕುದುರೆಗಳನ್ನು ತೋಟದಲ್ಲಿ ಕಟ್ಟಿ, ವಯಸ್ಸಾದದ್ದಕ್ಕೆ ನೆರಳಿರಲಿ ಎಂದು ನೂರಿಯನ್ನು ಮಾತ್ರ ಅಂಗಳದ ಹೊಂಗೆಮರಕ್ಕೆ ಕಟ್ಟಿದರು. ನಾವು ಬೆಟ್ಟ ಹತ್ತಿದೆವು. ಮನ್ಸೂರ್ ಅಲಿ ಮಂಜುನಾಥನ ಆಟೋದಲ್ಲಿ ಪಕ್ಕದ ಊರಿಗೆ ಜುಮ್ಮಾ ನಮಾಜಿಗೆ ಹೋದರು.

ನಾವು ಇಳಿದು ಬರುವಾಗ ನೂರಿ ತಿರುತಿರುಗಿ ತನ್ನ ಪಕ್ಕೆಯನ್ನೇ ನೋಡಿಕೊಳ್ಳುತ್ತಿತ್ತು. ಹಿಂದೆ ಯಾರೋ ಕರೆದಂತೆ. ಮುಂಗಾಲಿನಿಂದ ನೆಲ ಕೆರೆಯಿತು. ಆಮೇಲೆ ಮಂಡಿಯೂರಿ ಮಲಗಿ ಹೊರಳಾಡಿತು.

"ನೋಡಿ, ಖುಷಿ ಹೆಂಗಿದೆ," ಎಂದು ಕೃಷ್ಣಕುಮಾರ್ ಮೊಬೈಲ್ ತೆಗೆದರು. ನಾವೂ ನಕ್ಕೆವು. ನಾನು ಫೋಟೋಗೆ ನಿಂತೂ ಆಯಿತು.

ಆಟೋ ಬಂತು. ಮನ್ಸೂರ್ ಅಲಿ ಇಳಿದವರು ಯಾರನ್ನೂ ನೋಡಲಿಲ್ಲ. ನೂರಿಯನ್ನು ಎಬ್ಬಿಸಿ ಪಕ್ಕೆಗೆ ಕಿವಿಯಿಟ್ಟರು. ಇನ್ನೊಂದು ಪಕ್ಕೆಗೂ ಇಟ್ಟರು. ಬಹಳ ಹೊತ್ತು ಇಟ್ಟರು. ನಮ್ಮ ನಗು ಒಂದೊಂದಾಗಿ ಆರಿತು.

"ಏನೂ ಕೇಳಿಸ್ತಿಲ್ಲ," ಎಂದರು.

ಕುಣಿಗಲ್ಲಿನ ಪಶುವೈದ್ಯ ಶಿವಮೂರ್ತಿ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಏನ್ ತಿಂದಿದೆ, ಎಷ್ಟು ತಿಂದಿದೆ? ಅದು ಗೊತ್ತಾಗದೆ ಔಷಧಿ ಹೆಂಗ್ ತರ್ಲಿ?"

ಕೃಷ್ಣಕುಮಾರ್ ಮನೆಯವರತ್ತ ತಿರುಗಿ ದನಿ ಏರಿಸಿದರು. "ಯಾರ್ರೀ ಏನ್ ಕೊಟ್ಟಿದ್ದು?"

"ನಾವ್ಯಾಕೆ ಕೊಡಾನ?" ದೊಡ್ಡಗಂಗಮ್ಮ ಸೆರಗು ಬಿಗಿದರು. "ಒಂದ್ ಬೊಗಸೆ ಹುರುಳಿ ಹಾಕಿರಬೌದು. ಅಷ್ಟಕ್ಕೇ ಜೀವ ಹೋಯ್ತದಾ?"

ಆ ಮಾತಿನಲ್ಲಿ ಹುರುಳಿಲ್ಲ ಎಂದು ನನಗೂ ಅನ್ನಿಸಿತು. ಇದ್ದ ಹುರುಳಿಯೆಲ್ಲ ಬೇರೆ ಕಡೆ ಸೇರಿತ್ತು. ಮನ್ಸೂರ್ ಅಲಿ ಕೃಷ್ಣಕುಮಾರರನ್ನು ಕೈಸನ್ನೆಯಲ್ಲೇ ಸುಮ್ಮನಿರಿಸಿ, ಜಗಲಿಯ ಅಂಚಿಗೆ ಬಂದು ನಿಂತರು.

"ಅಕ್ಕ, ಮನೆ ಎತ್ತಿಗೆ ದಿನಾ ಎಷ್ಟು ಹುರುಳಿ ಇಡ್ತೀರಿ?"

"ಒಂದ್ ಸೇರು. ನೆನಸಿ."

"ನೆಂಟರ ಎತ್ತು ಬಂದ್ರೆ?"

ದೊಡ್ಡಗಂಗಮ್ಮ ಅವರ ಮುಖ ನೋಡಿದರು. "ನೆಂಟ್ರ ಎತ್ಗೆ ಅಳ್ದು ಇಕ್ತಾರಾ ಸಾಬ್ರೆ? ನಮ್ಮತ್ತೆ ಇದ್ದಾಗಿಂದ್ಲೂ ಕುಕ್ಕೆ ತುಂಬ ಇಕ್ಕಿ, ಅದೇ ಮುಖ ತಿರುಗ್ಸೋಗಂಟ ನಿಂತಿರೋದು. ಇಲ್ದಿದ್ರೆ ನಾಳೆ ಊರ್ ಮಂದಿ ಏನಂದಾರು?"

"ಇವತ್ತೂ ಹಂಗೇನಾ?"

"ನೆನಸಾಕೆ ಹೊತ್ತಿರನಿಲ್ಲ," ಎಂದು ಆಕೆ ಮೆಲ್ಲಗೆ ಹೇಳಿದರು. "ಕುಕ್ಕೆ ಬರಿದಾಯ್ತು. ಬಾಯಾರಿರ್ತದೆ ಅಂತ ಬಕೆಟ್ ನೀರೂ ಇಟ್ಟೆ."

ಒಣ ಹುರುಳಿ, ಮೇಲೆ ನೀರು. ಒಳಗೆ ಕಾಳು ಊದುತ್ತಿತ್ತು, ದಾರಿ ಒಂದೇ. ಮನ್ಸೂರ್ ಅಲಿಯ ಕೈ ಕಂಬ ಹಿಡಿಯಿತು. "ಒಳ್ಳೆ ಮನಸ್ಸಿಂದ ಕೊಟ್ಟಿದೀರಿ ಅಕ್ಕ. ಹೇಳಿದ್ದು ಇನ್ನೂ ಒಳ್ಳೇದಾಯ್ತು," ಎಂದು ಫೋನ್ ತೆಗೆದುಕೊಂಡರು.

ವೈದ್ಯರು ಬರಲು ಒಂದೂವರೆ ಗಂಟೆ ಹಿಡಿಯಿತು. ಅಷ್ಟೂ ಹೊತ್ತು ನೂರಿ ಮಲಗದಂತೆ ಮನ್ಸೂರ್ ಅಲಿ ನಡೆಸಿದರು. ಬೆವರು ಅದರ ಹೊಟ್ಟೆಯಿಂದ ಧೂಳಿಗೆ ತೊಟ್ಟಿಕ್ಕುತ್ತಿತ್ತು. ಬೀದಿನಾಯಿಗಳೂ ದೂರದಲ್ಲೇ ಕುಳಿತು ನೋಡಿದವು. ಶಿವಮೂರ್ತಿ ಬಂದು ಮೂಗಿನಿಂದ ಕೊಳವೆ ಇಳಿಸಿ, ಎಣ್ಣೆ ಹಾಕಿ, ಸೂಜಿ ಚುಚ್ಚಿದರು. ಮತ್ತೆ ನಡಿಗೆ. ಹೊತ್ತು ಮುಳುಗುವ ಮುಂಚೆ ನೂರಿ ಬಾಲವೆತ್ತಿ ಲದ್ದಿ ಹಾಕಿತು. ಲದ್ದಿಗೆ ಚಪ್ಪಾಳೆ ತಟ್ಟಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ದೊಡ್ಡಗಂಗಮ್ಮ ಅಲ್ಲೇ ಕುಸಿದು ಕೂತು ಅತ್ತರು.

ಚಪ್ಪಾಳೆ ತಟ್ಟದವರು ಇಬ್ಬರು. ಹೊರಡುವಾಗ ಶಿವಮೂರ್ತಿ ಮನ್ಸೂರ್ ಅಲಿಗೆ, "ಹೊಟ್ಟೆ ಆಯ್ತು. ಗೊರಸು ನೋಡ್ಕೊಳ್ಳಿ," ಎಂದರು. "ಗೊತ್ತು ಸರ್," ಎಂದರು ಇವರು. ಹುರುಳಿಯ ನಂಜು ಕಾಲಿಗೆ ಇಳಿದರೆ ಮೊದಲು ಗೊರಸು ಕಾಯುತ್ತದೆ, ಆಮೇಲೆ ಅದರೊಳಗಿನ ಮೂಳೆ ಸಡಿಲುತ್ತದೆ. ಹಾಗಾದ ಕುದುರೆ ಮತ್ತೆ ನಡೆಯುವುದಿಲ್ಲ; ನಿಲ್ಲಲಾರದ ಕುದುರೆಯನ್ನು ಉಳಿಸಿಕೊಳ್ಳುವವರಿಲ್ಲ.

ಶನಿವಾರ ಬೆಳಿಗ್ಗೆ ಉಳಿದ ಕುದುರೆಗಳಿಗೆ ಜೀನು ಕಟ್ಟುವಾಗ ಮನ್ಸೂರ್ ಅಲಿ ನೂರಿಯ ಮುಂಗಾಲಿನ ಬಳಿ ಕೂತಿದ್ದರು. ಅಂಗೈ ಗೊರಸಿನ ಮೇಲಿತ್ತು. ನಾನೂ ಮುಟ್ಟಿದೆ. ಒಲೆಯಿಂದ ಇಳಿಸಿದ ಪಾತ್ರೆಯ ಬಿಸಿ.

"ನೀವು ಹೊರಡಿ ಸರ್," ಎಂದು ಕೃಷ್ಣಕುಮಾರರಿಗೆ ಹೇಳಿದರು. "ನಾವಿಲ್ಲೇ ಇರ್ತೀವಿ."

ನೂರಿಯನ್ನು ಅಂಗುಲ ಅಂಗುಲವಾಗಿ ಊರ ಮುಂದಿನ ಕೆರೆಗೆ ನಡೆಸಿ, ಮೊಣಕಾಲುದ್ದ ತಣ್ಣೀರಿನಲ್ಲಿ ನಿಲ್ಲಿಸಿದರು. ಪಂಚೆ ಎತ್ತಿಕಟ್ಟಿ ತಾವೂ ನಿಂತರು. ದೊಡ್ಡಗಂಗಮ್ಮ ಏರಿಯ ಮೇಲೆ ಬಂದರು.

"ವಾಸಿ ಆಯ್ತಾ ಸಾಬ್ರೆ?"

"ಆಯ್ತು ಅಕ್ಕ."

"ಮತ್ಯಾಕೆ ನೀರಾಗ್ ನಿಲ್ಸಿದೀರಿ?"

"ಮೈ ತೊಳೀತಾ ಇದೀನಿ."

ಆಕೆ ಸಮಾಧಾನದಿಂದ ಮನೆ ಕಡೆ ನಡೆದರು. ಉಳಿದವರು ಕುದುರೆ, ನಾನು ಮಂಜುನಾಥನ ಆಟೋ ಹತ್ತಿ ಹೊರಟೆವು. ತಿರುವಿನಲ್ಲಿ ನೋಡಿದಾಗ ಮನ್ಸೂರ್ ಅಲಿ ಬಗ್ಗಿ, ಬೊಗಸೆಯಲ್ಲಿ ನೀರು ಮೊಗೆದು ಅದರ ಕಾಲಿನ ಮೇಲೆ ಸುರಿಯುತ್ತಿದ್ದರು. ನೂರಿ ಒಂದು ಗೊರಸನ್ನು ಊರಲಾರದೆ ನೀರಿನ ಮೇಲಕ್ಕೆ ಎತ್ತಿಕೊಂಡೇ ನಿಂತಿತ್ತು.