ಕೊನೆಯ ವಾರ್ಡಿನ ಬಾಯಕ್ಕ

ರೋಗಿಗಳ ಬಾಯಿ ತೊಳೆಯದೆ ಬಿಡದ ಈ ನರ್ಸಿಗೆ ಆಸ್ಪತ್ರೆಯಲ್ಲೆಲ್ಲ ಬಾಯಕ್ಕನೆಂದೇ ಹೆಸರು. ಎಚ್ಚರವಿರುವವರಿಗೆ ಮುಚ್ಚಳದ ಗೆರೆಯಷ್ಟೇ ಮೌತ್‌ವಾಶ್ ಅಳೆದು, "ಮುಕ್ಕಳಿಸಿ ಉಗುಳಿ ಅಜ್ಜ, ನುಂಗೋಕೆ ಇದೇನು ಕಾಫಿನಾ?" ಎಂದು ಬೇಸಿನ್ ಹಿಡಿದು ನಿಲ್ಲುತ್ತಾಳೆ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಒಂದು ಹನಿಯನ್ನೂ ಸುರಿಯುವುದಿಲ್ಲ. ಶ್ವಾಸಕ್ಕಿಳಿದರೆ ಜೀವಕ್ಕೇ ಸಂಚಕಾರ. ಅವರ ತಲೆಯನ್ನು ಮಗ್ಗುಲಿಗೆ ವಾಲಿಸಿ, ಸ್ಪಂಜಿನ ಕಡ್ಡಿಯಿಂದ ಒಸಡಿಗೆ ತೆಳ್ಳಗೆ ಜೆಲ್ ಸವರುತ್ತಾಳೆ. ಕೇಳಿಸದ ಕಿವಿಗೂ, "ಸ್ವಲ್ಪ ಉರಿಯುತ್ತೆ, ತಡ್ಕೊಳ್ಳಿ" ಎಂದು ಹೇಳದೆ ಕೈ ಹಚ್ಚುವವಳಲ್ಲ. "ಸತ್ತ ಮೇಲೂ ಬಿಡಲ್ವೇನೇ?" ಎಂದು ಜೊತೆಯವರು ಛೇಡಿಸಿದರೆ, "ಮೊದಲು ನಿನ್ನ ಬಾಯಿ ತೆಗಿ, ಕ್ಲೀನ್ ಮಾಡ್ತೀನಿ" ಎನ್ನುತ್ತಾಳೆ. ಇವತ್ತು ಬೆಳಿಗ್ಗೆ ಮೂಲೆಯ ಮಂಚದ ಅಜ್ಜಿಯ ಉಸಿರು ನಿಂತಿತು. ಬಾಯಿಹುಣ್ಣಿನ ವಾಸನೆ ತಾಳಲಾರದೆ ಅಜ್ಜಿಯ ಮಗಳು ಇಷ್ಟು ದಿನವೂ ಮೂಗಿಗೆ ಕರವಸ್ತ್ರ ಹಿಡಿದು, ಕಾಲ ಬಳಿಯೇ ನಿಂತು ಹೋಗುತ್ತಿದ್ದಳು. ಆ ಮಗಳು ಬರುವಷ್ಟರಲ್ಲಿ ಬಾಯಕ್ಕ ಪರದೆ ಎಳೆದು, "ಸ್ವಲ್ಪ ಉರಿಯುತ್ತೆ, ತಡ್ಕೊಳ್ಳಿ ಅಜ್ಜಿ" ಎನ್ನುತ್ತಲೇ ಮೌತ್‌ವಾಶಿನಲ್ಲಿ ಅದ್ದಿದ ಸ್ಪಂಜಿನ ಕಡ್ಡಿಯಿಂದ ಆ ಬಾಯನ್ನು ಕೊನೆಯ ಸಲ ಒರೆಸಿದಳು. ಆಮೇಲೆ ಬಾಗಿಲಲ್ಲೇ ನಿಂತಿದ್ದ ಮಗಳ ಮೊಣಕೈ ಹಿಡಿದು, "ಇವತ್ತು ಹತ್ತಿರ ಬಾಮ್ಮ, ಏನೂ ಆಗಲ್ಲ" ಎಂದಳು. ಮಗಳು ಬಗ್ಗಿ ತಾಯಿಯ ಕೆನ್ನೆಗೆ ಕೆನ್ನೆ ಇಟ್ಟಳು. ತುಟಿಯಂಚಿನಲ್ಲಿ ಉಳಿದಿದ್ದ ಒಂದು ಹನಿಯನ್ನು ಅದೇ ಕರವಸ್ತ್ರದಿಂದ ಒರೆಸಿದಳು.