ಸಸಿಯಕ್ಕ ಹೊತ್ತು ಹಾಕಿದ ಮರಳು

ಕಡಲಂಚಿನ ನರ್ಸರಿಯಲ್ಲಿ ಹದಿನೆಂಟು ವರ್ಷ ಸಸಿ ಬೆಳೆಸಿದವಳನ್ನು ಎಲ್ಲರೂ ಸಸಿಯಕ್ಕ ಎಂದೇ ಕರೆಯುತ್ತಿದ್ದರು. ಅವಳ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಕೆಲಸಕ್ಕೆ ಸೇರಿ ಎರಡು ವರ್ಷ ತುಂಬಿರಲಿಲ್ಲ. ಮುಂಚೆ ಬಂದ ಕಿವಿಗಿಂತ ಆಮೇಲೆ ಬಂದ ಕೊಂಬು ಉದ್ದ ಎಂಬಂತೆ, ಈಗ ಒಂದೇ ಮೇಸ್ತ್ರಿ ಹುದ್ದೆಗೆ ಇಬ್ಬರೂ ಎದುರುಬದುರು ನಿಂತಿದ್ದರು. ಗಾಳಿಗೆ ಮರಳು ಹಾರದಂತೆ ಮರಳುದಿಬ್ಬದ ಮೇಲೆ ಹುಲ್ಲು ನೆಡಬೇಕಿತ್ತು; ಯಾರ ಹುಲ್ಲು ಚೆನ್ನಾಗಿ ಹಿಡಿಯುತ್ತದೋ ಅವರಿಗೇ ಹುದ್ದೆ ಎಂದಿದ್ದರು ನರ್ಸರಿಯ ಸಾಹೇಬರು.

ಹುಲ್ಲೇನು ಹೊರಗಿನಿಂದ ತಂದದ್ದಲ್ಲ, ಆ ದಂಡೆಯಲ್ಲೇ ಹುಟ್ಟಿದ್ದು. ಅಲ್ಲಿಯವರೆಗೆ ಅದನ್ನು ಯಾರೂ ನೆಟ್ಟು ಬೆಳೆಸಿರಲಿಲ್ಲ, ತುಳಿದು ದಾಟಿದ್ದರು ಅಷ್ಟೆ. ಸಸಿಯಕ್ಕ ಹಿರಿತನ ತೋರಿಸಿ ಗಾಳಿ ಬಡಿಯದ ಮಗ್ಗುಲನ್ನು ಆರಿಸಿಕೊಂಡಳು. ನರ್ಸರಿಯ ಅಭ್ಯಾಸದಂತೆ ದಿನಾ ಬುಡದ ಮರಳು ಸರಿಸಿ ಚೊಕ್ಕ ಮಾಡಿದಳು. ಹುಲ್ಲು ಹಳದಿಗಟ್ಟಿತು. ಓರಗಿತ್ತಿ ಕಡಲ ಮಗ್ಗುಲಲ್ಲಿ ನೆಟ್ಟು, ಹಾಡು ಗುನುಗುತ್ತಾ ಕೂತಿರುತ್ತಿದ್ದಳು. ಅವಳದು ನಳನಳಿಸುತ್ತಿತ್ತು.

"ಅಕ್ಕಾ, ನಿಂದ್ಯಾಕೆ ಹೀಗೆ ಸೊರಗಿದೆ?" ಎಂದು ಅವಳು ಕೇಳಿದ ದಿನ ಸಸಿಯಕ್ಕನಿಗೆ ಊಟ ಸೇರಲಿಲ್ಲ. ಮನೆಯಲ್ಲಿ ಅತ್ತೆ ಕಿರಿಸೊಸೆಯ ಕೈಗುಣ ಹೊಗಳಿದಾಗಲಂತೂ ಹೊಟ್ಟೆಗೆ ಬೆಂಕಿ ಬಿತ್ತು. ಹೊಟ್ಟೆಕಿಚ್ಚಿಗೆ ಮದ್ದುಂಟೇ?

ಅಷ್ಟರಲ್ಲಿ ಓರಗಿತ್ತಿ ಜ್ವರ ಬಂದು ಮೂರು ದಿನ ಮಲಗಿದಳು. ಉಳಿದವರು ಊಟಕ್ಕೆ ಕೂತಾಗ ಸಸಿಯಕ್ಕ ಬುಟ್ಟಿ ಬುಟ್ಟಿ ಮರಳು ಹೊತ್ತು ಅವಳ ಹುಲ್ಲಿನ ಮೇಲೆ ಸುರಿದಳು. ಸಸಿಯನ್ನು ಹೂತರೆ ಸಾಯುತ್ತದೆ, ಹದಿನೆಂಟು ವರ್ಷದಲ್ಲಿ ಕಲಿತ ಪಾಠ. ಮೂರನೆಯ ದಿನ ಯಾರೋ ಬಂದ ಸದ್ದಾಗಿ, ಗುರುತಿಗೆಂದು ಕೆಂಪು ದಾರ ಸುತ್ತಿದ್ದ ತನ್ನ ಬುಟ್ಟಿಯನ್ನು ಅಲ್ಲೇ ಬಿಟ್ಟು ಓಡಿದಳು.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ತಿಂಗಳೊಳಗೆ ಮರಳು ಸೀಳಿಕೊಂಡು ಚಿಗುರು ಎದ್ದಿತು, ಮೊದಲಿನ ಎರಡರಷ್ಟು.

ಸಾಹೇಬರು ಬಂದು ಮಂಡಿಯೂರಿ ನೋಡಿದರು. "ಹೂತಷ್ಟೂ ಏಳೋ ಹುಲ್ಲು ಇದು. ಇಷ್ಟು ತಿಳಿದು ಮರಳು ಹಾಕಿದ್ದು ಯಾರು?"

"ಅಕ್ಕ, ಸಾರ್. ನಾನು ಜ್ವರದಲ್ಲಿ ಮಲಗಿದ್ದಾಗ ಒಬ್ಬಳೇ ಹೊತ್ತು ಹಾಕಿದ್ದಾಳೆ," ಎಂದಳು ಓರಗಿತ್ತಿ.

"ಹಾಗಾದರೆ ಹುಲ್ಲಿನ ಗುಣ ಬಲ್ಲವಳೇ ಮೇಸ್ತ್ರಿ ಆಗಲಿ," ಎಂದರು ಸಾಹೇಬರು.

ಅವರು ಹೋದ ಮೇಲೆ ಓರಗಿತ್ತಿ ಕೆಂಪು ದಾರ ಸುತ್ತಿದ ಬುಟ್ಟಿಯನ್ನು ಸಸಿಯಕ್ಕನ ಕೈಗಿಟ್ಟಳು. "ತಗೋ ಅಕ್ಕ. ಇನ್ನೊಂದ್ಸಲ ಹೊಟ್ಟೆ ಉರಿದರೆ ನನ್ನನ್ನೇ ಬೈದುಬಿಡು. ಇಷ್ಟು ಮರಳು ಹೊತ್ತರೆ ಸೊಂಟ ಹೋಗುತ್ತೆ."

ಸಸಿಯಕ್ಕ ಬುಟ್ಟಿ ಹಿಡಿದು ನಿಂತಳು. ಬಯಸಿದ್ದು ಕೈಗೆ ಬಂದಿತ್ತು. ಆದರೂ ಕಿಚ್ಚು ಆರಲಿಲ್ಲ. ಹುಲ್ಲಿನ ಮಾತು ಹಾಗಿರಲಿ, ಇಷ್ಟು ಸಲೀಸಾಗಿ ಕ್ಷಮಿಸುವುದು ಇವಳಿಗೆ ಹೇಗೆ ಬಂತು ಎಂದು ಹೊಸದಾಗಿ ಉರಿಯತೊಡಗಿದಳು.